ಒಂಬತ್ತು ಹಲ್ಲಿನ ಪಿನಿಯನ್

ಪರಮಾನಂದನಿಗೆ ಸಿಟ್ಟು ಬಂದರೆ ಬಾಯಿ ಮುಂದೆ ಓಡುತ್ತಿತ್ತು, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತಿತ್ತು. ಅದು ಬಂದು ಮುಟ್ಟುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿರುತ್ತಿತ್ತು.

ಇಂಡಿ ಕಡೆಯಿಂದ ಬಂದು ಪೀಣ್ಯದ ಫೌಂಡ್ರಿಯೊಂದರಲ್ಲಿ ವರ್ಷಗಟ್ಟಲೆ ದುಡಿದವನು. ಅಲ್ಲಿನ ಧೂಳು ಎದೆಗಿಳಿದು ಕೆಮ್ಮು ಹತ್ತಿದಾಗ ಡಾಕ್ಟರು, "ಇನ್ನೊಂದ್ಸಲ ಆ ಕಡೆ ಹೋದ್ರೆ ನನ್ನ ಹತ್ರ ಬರ್ಲೇಬೇಡಿ" ಎಂದು ಗದರಿದ್ದರು. ಹೆಂಡತಿ ಮಹಾನಂದಾ ಗಾರ್ಮೆಂಟ್ಸಿನಲ್ಲಿ ಹೊಲಿದು ಕೂಡಿಟ್ಟದ್ದನ್ನೆಲ್ಲ ಸುರಿದು ಹಳೆಯದೊಂದು ಡೀಸೆಲ್ ಪಿಕಪ್ ಕೊಡಿಸಿದಳು. ನಾಗಸಂದ್ರದಿಂದ ಅತ್ತಿಬೆಲೆಗೆ ಪ್ಲಾಸ್ಟಿಕ್ ಕ್ರೇಟು ಸಾಗಿಸುವ ಕೆಲಸ ಸಿಕ್ಕಿತು. ಕೆಮ್ಮೂ ನಿಂತಿತು. ಆದರೆ ಅದು ತಿಂಗಳು ತಿಂಗಳೂ ಡೀಸೆಲ್ ಬೆಲೆ ಏರುತ್ತಿದ್ದ ವರ್ಷ; ಗಾಡಿ ದುಡಿದದ್ದನ್ನು ಗಾಡಿಯೇ ಕುಡಿಯತೊಡಗಿತು. ಹೀಗೇ ಆದರೆ ಮಾರಬೇಕು. ಮಾರಿ ಬೇರೆಯವರ ಗಾಡಿ ಓಡಿಸೋಣವೆಂದರೆ ಅವನ ಬಾಯಿಗೆ ಯಾವ ಮಾಲೀಕನೂ ಎರಡು ತಿಂಗಳು ತಾಳುತ್ತಿರಲಿಲ್ಲ. ಉಳಿದದ್ದು ಮತ್ತದೇ ಫೌಂಡ್ರಿ.

ಆಗ ಕೈ ಹಿಡಿದವನು ನರಸಿಂಹಯ್ಯ. ನಾಗಸಂದ್ರದ ಹಳೇ ಊರಿನವನೇ. ಅಪ್ಪ ರಾಗಿ ಬೆಳೆದಿದ್ದ ಹೊಲದಲ್ಲಿ ಉಳಿದ ಒಂದು ತುಂಡು ಜಾಗದಲ್ಲಿ ಶೀಟು ಹೊದಿಸಿ ಗ್ಯಾರೇಜು ಹಾಕಿದ್ದ. ಪಕ್ಕದಲ್ಲೇ ಅವನ ಹೆಂಡತಿ ಮುನಿಯಕ್ಕನ ಟೀ ಅಂಗಡಿ. ಅವನು ಗಾಡಿಯಡಿ ಮಲಗಿ, ಹಿಂದಿನ ಎರಡು ಚಕ್ರಗಳ ನಡುವಿನ ದಪ್ಪ ಹೊಟ್ಟೆಯನ್ನು ತಟ್ಟಿ ಹೇಳಿದ: "ಕಾಯಿಲೆ ಇಲ್ಲೈತೆ ನೋಡಪ್ಪ. ಇದರೊಳಗಿರೋ ಸಣ್ಣ ಗೇರು, ಪಿನಿಯನ್ನು, ಎಂಟು ಹಲ್ಲಿಂದು. ಕಲ್ಲು, ಕಬ್ಬಿಣ ಹೊರೋರ್ಗೆ ಅದು ಸರಿ. ನಿಂದು ಅಗುರ ಲೋಡು, ಉದ್ದ ರೋಡು. ಇಂಜಿನ್ನು ಸುಮ್ಸುಮ್ನೆ ಬಡ್ಕೊಂತದೆ. ಒಂಬತ್ತು ಹಲ್ಲಿನ ಜೋಡಿ ಆಕುದ್ರೆ ಅದೇ ಸ್ಪೀಡಿಗೆ ಇಂಜಿನ್ ಮೆಲ್ಲಗೆ ತಿರುಗ್ತದೆ. ಡೀಸೆಲ್ ಉಳೀತದೆ."

ಗುಜರಿಯಲ್ಲಿ ಹುಡುಕಿ ಹುಡುಕಿ ಒಂದು ಒಳ್ಳೆಯ ಜೋಡಿಯನ್ನು ಅವನೇ ತಂದ. ಪಿನಿಯನ್ನೂ ಅದು ಕಚ್ಚಿ ತಿರುಗಿಸುವ ದೊಡ್ಡ ಕ್ರೌನ್ ಚಕ್ರವೂ ಹದವಾಗಿ ಕೂರುವವರೆಗೆ, ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಬಣ್ಣ ಬಳಿದು, ತಿರುಗಿಸಿ, ಬಿಚ್ಚಿ, ಮತ್ತೆ ಕೂರಿಸಿ, ಎರಡು ದಿನ ಕೂತ ಜಾಗದಿಂದ ಏಳಲಿಲ್ಲ. "ಕೂಲಿ ಆಮೇಲೆ ನೋಡ್ಕೊಳಾನ, ಮೊದ್ಲು ಓಡ್ಸು" ಎಂದು ಕಳಿಸಿದ.

ಗಾಡಿ ಬೆಣ್ಣೆಯಂತೆ ಓಡಿತು. ಪರಮಾನಂದ ಬಂಕಿನಲ್ಲಿ ಡೀಸೆಲ್ಲನ್ನು ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಿ, ಗಾಡಿಯ ಕಿಲೋಮೀಟರು ತೋರಿಸುವ ಮೀಟರು ನೋಡಿಕೊಂಡು, ವಾರವಿಡೀ ಓಡಿಸಿ, ಮತ್ತೆ ಕುತ್ತಿಗೆಯವರೆಗೆ ತುಂಬಿಸಿದ. ಭಾಗಿಸಿ ನೋಡಿದರೆ ಮೈಲೇಜು ಮೊದಲಿಗಿಂತ ಒಂದು ಕೂದಲೆಳೆ ಕಡಿಮೆ! ಮುಂದಿನ ವಾರವೂ ಅದೇ ಕಥೆ.

ಸರಿ, ಬಾಯಿ ಓಡಿತು. ಬೆಳಗಿನ ಶಿಫ್ಟಿನವರು ಟೀ ಕುಡಿಯುತ್ತಾ ಗುಂಪುಗೂಡಿದ್ದ ಮುನಿಯಕ್ಕನ ಅಂಗಡಿಯ ಮುಂದೆಯೇ ನಿಂತು ಕೂಗಿದ: "ಗುಜರಿ ಮಾಲು ತುಂಬಿ ನನ್ನ ಗಾಡಿ ಕೆಡಿಸಿದೆಲ್ಲೋ! ನನ್ನ ಛಲೋ ಗೇರು ಯಾರಿಗಿ ಮಾರ್ಕೊಂಡಿ? ಕಳ್ಳ!"

ನರಸಿಂಹಯ್ಯನ ಮುಖ ಬೂದಿಯಾಯಿತು. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು. "ಸೋಮವಾರ ತಗಂಬಾ, ಬಿಚ್ಚಿ ನಿಂದೇ ಹಾಕ್ಕೊಡ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದ.

ಗಾಡಿ ಮಾರುವುದೆಂದು ಪರಮಾನಂದ ಅಂದೇ ನಿರ್ಧರಿಸಿಬಿಟ್ಟ. ಟೆಂಟ್ ಹೌಸಿನ ದಾಸಪ್ಪ ಕೊಳ್ಳಲು ಒಪ್ಪಿದ. ಕಬ್ಬಿಣದ ಕಂಬ ಹೊರುವ ಅವನಿಗೂ ಹಳೇ ಗೇರೇ ಬೇಕಿತ್ತು. ಸೋಮವಾರ ಬರುತ್ತೇನೆಂದ. ಸುದ್ದಿ ಕೇಳಿದ ಮಹಾನಂದಾ ಒಂದೇ ಮಾತು ಕೇಳಿದಳು: "ಮತ್ತ ಆ ಧೂಳಿಗೆ ಹೊಂಟೀರೇನು?" ಅವನು ಗಾಡಿಯ ಕಾಗದಪತ್ರ ಹುಡುಕತೊಡಗಿದ. ಅವಳು ಮಾತು ನಿಲ್ಲಿಸಿದಳು.

ಭಾನುವಾರ ಅತ್ತಿಬೆಲೆಯಲ್ಲಿ ಅವಳ ತಂಗಿ ಮಹಾದೇವಿಯ ಕೂಸಿಗೆ ತೊಟ್ಟಿಲು. ಇಬ್ಬರೂ ಪಿಕಪ್ಪಿನಲ್ಲೇ ಹೊರಟರು. ಗಂಡನೊಡನೆ ಮಾತು ಬಿಟ್ಟವಳಿಗೆ ದಾರಿಯಲ್ಲಿ ಓದಲು ಉಳಿದದ್ದು ಎರಡೇ: ಹೊಸೂರು ರಸ್ತೆಯ ಕಿಲೋಮೀಟರ್ ಕಲ್ಲು, ಕಣ್ಣೆದುರಿನ ಮೀಟರು. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಒಂದು ಕಲ್ಲು ಬಂತು, ಮೀಟರು ನೋಡಿದಳು. ಇನ್ನೊಂದು ಬಂತು, ನೋಡಿದಳು. ಅತ್ತಿಬೆಲೆ ಹತ್ತಿರವಾಗುವ ಹೊತ್ತಿಗೆ ಮೌನವ್ರತ ಮುರಿಯಿತು.

"ಏನ್ರೀ, ಹತ್ತು ಕಲ್ಲು ದಾಟೇವಿ. ನಿಮ್ಮ ಮೀಟರ್ ಒಂಬತ್ತ ಅಂತದಲ್ಲ?"

"ಕಲ್ಲು ತಪ್ಪು ಹುಗದಿರ್ತಾರ ಬಿಡು."

"ಹತ್ತೂ ತಪ್ಪು ಹುಗದಾರೇನು?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ತೊಟ್ಟಿಲಿನ ಸಜ್ಜಕದ ಹೋಳಿಗೆಯನ್ನು ಪರಮಾನಂದ ಅರ್ಧಕ್ಕೇ ಬಿಟ್ಟು ಎದ್ದ. ವಾಪಸಾಗುವಾಗ ಅವನೇ ಒಂದೊಂದೂ ಕಲ್ಲು ಎಣಿಸಿದ. ಮತ್ತೆ ಹತ್ತಕ್ಕೆ ಒಂಬತ್ತು. ಹಾಗಾದರೆ ತಾನು ಭಾಗಿಸಿದ್ದೆಲ್ಲ ಸುಳ್ಳು ಲೆಕ್ಕ. ಗಾಡಿ ಹೆಚ್ಚು ದೂರ ಓಡಿದೆ, ಮೀಟರು ಹೇಳಿದ್ದು ಕಡಿಮೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನೋ ಹತ್ತಾರು ಜನರ ಮುಂದೆ ಆಡಿ ಬಂದಿದ್ದ.

ಸಂಜೆ ಬಿಸಿಲಿರುವಾಗಲೇ ಗ್ಯಾರೇಜಿಗೆ ಬಂದ. ರಜೆಯ ದಿನವೂ ನರಸಿಂಹಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ಸೀಮೆಎಣ್ಣೆಯ ತಟ್ಟೆ. ಅದರಲ್ಲಿ ಪರಮಾನಂದನದೇ ಹಳೇ ಗೇರು. ಮಾರಿರಲಿಲ್ಲ, ಹಲ್ಲು ಹಲ್ಲನ್ನೂ ಬ್ರಶ್ಶಿನಲ್ಲಿ ಉಜ್ಜಿ, ನಾಳೆ ಹಾಕಿಕೊಡಲು ಫಳಫಳ ಮಾಡಿಡುತ್ತಿದ್ದ.

"ಬಂದ್ಯಾ? ಇನ್ನೂ ಬೈಯೋದು ಉಳ್ದಿತ್ತಾ?" ಮುನಿಯಕ್ಕ ಅಂಗಡಿಯಿಂದಲೇ ಕೇಳಿದಳು. "ನಾಕು ದಿನದಿಂದ ಇಟ್ಟಿದ್ದ ಮುದ್ದೆ ಇಟ್ಟಂಗೇ ಐತೆ ತಟ್ಟೇಲಿ. ಕೈ ಕೆಟ್ಟೋಯ್ತು, ಇನ್ಮೇಲೆ ಯಾರ್ ಗಾಡೀನೂ ಮುಟ್ಟಲ್ಲ ಅಂತಾನೆ."

ಜೀವಮಾನದಲ್ಲಿ ಮೊದಲ ಬಾರಿಗೆ ಪರಮಾನಂದನ ಬಾಯಿ ಓಡಲಿಲ್ಲ. ಗಾಡಿಯಲ್ಲಿದ್ದ ಮಹಾನಂದಾಳೇ ಇಳಿದು ಬಂದು, "ಅಣ್ಣಾರ, ಒಂದೀಟು ನೆಲಮಂಗಲದ ತನಾ ಹೋಗಿ ಬರೂಣು ಬರ್ರಿ. ಮೀಟರ್ ನೋಡ್ರಿ, ಕಲ್ಲು ನೋಡ್ರಿ, ಅಷ್ಟ" ಎಂದು ಕೈಮುಗಿದಳು. ಹೆಣ್ಣುಮಗಳು ಕರೆದಾಗ ಇಲ್ಲವೆನ್ನಲಾಗದೆ ನರಸಿಂಹಯ್ಯ ಕೈ ಒರೆಸಿಕೊಂಡು ಹತ್ತಿದ.

ತುಮಕೂರು ರಸ್ತೆಯಲ್ಲಿ ಐದು ಕಲ್ಲು ದಾಟುವಷ್ಟರಲ್ಲೇ ನರಸಿಂಹಯ್ಯ ಹಣೆ ಬಡಿದುಕೊಂಡ.

"ಅಯ್ಯೋ ನನ್ ತಲೇಗೆ! ಮೀಟರ್ ಕೇಬಲ್ ಬರೋದು ಗೇರ್‌ಬಾಕ್ಸಿಂದ, ಚಕ್ರದಿಂದಲ್ಲ. ನಾನು ಒಂದು ಹಲ್ಲು ಜಾಸ್ತಿ ಮಾಡಿದ್ನಲ್ಲ, ಈಗ ಗೇರ್‌ಬಾಕ್ಸಿಂದ ಹಿಂದ್ಕೆ ಬರೋ ಶಾಫ್ಟು ಕಮ್ಮಿ ತಿರುಗಿದ್ರೂ ಚಕ್ರ ಅಷ್ಟೇ ದೂರ ಓಯ್ತದೆ. ಮೀಟರು ಶಾಫ್ಟ್ ತಿರುಗಿದ್ದುನ್ನೇ ಎಣಿಸ್ತದೆ. ನಂಗಿದು ಒಳೀಲೇ ಇಲ್ವಲ್ಲ!"

ಹೊಳೆಯುವುದಾದರೂ ಹೇಗೆ? ಅವನ ಕೈಗೆ ಬರುತ್ತಿದ್ದ ಗಾಡಿಗಳಲ್ಲಿ ಮೀಟರು ಓಡುವುದೇ ಅರ್ಧಕ್ಕೆ. ಕಣ್ಣು ಮುಚ್ಚಿ ನಂಬಿದ್ದು ಮೀಟರನ್ನು, ನಂಬದೆ ಬಿಟ್ಟದ್ದು ಮನುಷ್ಯನನ್ನು. ಇಬ್ಬರದೂ ಒಂದೇ ತಪ್ಪು. ಪರಮಾನಂದ ನಂಬದೆ ಬಿಟ್ಟದ್ದು ನರಸಿಂಹಯ್ಯನನ್ನು, ನರಸಿಂಹಯ್ಯ ನಂಬದೆ ಬಿಟ್ಟದ್ದು ತನ್ನನ್ನೇ.

ಕಲ್ಲಿನ ಲೆಕ್ಕಕ್ಕೆ ಹಾಕಿ ನೋಡಿದರು. ಲೀಟರಿಗೆ ಮೊದಲಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಬಂದಿತ್ತು. ದಿನಾ ಅತ್ತಿಬೆಲೆಗೆ ಹೋಗಿ ಬರುವವನಿಗೆ ಗಾಡಿ ಉಳಿಸಿಕೊಳ್ಳಲು ಅಷ್ಟು ಸಾಕು. ಪರಮಾನಂದ ರಸ್ತೆ ಬದಿಗೆ ನಿಲ್ಲಿಸಿ ದಾಸಪ್ಪನಿಗೆ ಫೋನು ಮಾಡಿದ: "ಗಾಡಿ ಕೊಡಂಗಿಲ್ಲ ಯಜಮಾನ್ರ. ತಪ್ಪು ತಿಳೀಬ್ಯಾಡ್ರಿ." ಫೋನಿಟ್ಟವನು ನರಸಿಂಹಯ್ಯನ ಕಡೆ ತಿರುಗಿ ಕೈ ಹಿಡಿಯಲು ಹೋದ.

"ಅಂಗಾದ್ರೆ ನನ್ ಕೈ ಕೆಟ್ಟಿಲ್ಲ, ಅಲ್ವಾ?" ಎಂದು ಅವನು ಮೊದಲೇ ಕೇಳಿಬಿಟ್ಟ. ಐವತ್ತು ದಾಟಿದ ಗಂಡಸು ಹಾಗೆ ಕೇಳಿದ್ದು ಕಂಡು ಮಹಾನಂದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಬೈದದ್ದು ಊರ ಮುಂದೆ, ತಪ್ಪೊಪ್ಪಿದ್ದು ಗಾಡಿಯೊಳಗೆ ಎಂದರೆ ಅದು ನ್ಯಾಯವಲ್ಲ. ಸೋಮವಾರ ಬೆಳಗ್ಗೆ ಶಿಫ್ಟಿನವರು ಟೀಗೆ ಸೇರುವ ಹೊತ್ತಿಗೇ ಪರಮಾನಂದ ಮುನಿಯಕ್ಕನ ಅಂಗಡಿ ಮುಂದೆ ಬಂದು ನಿಂತ. ಅಂದು ಎಲ್ಲಿ ನಿಂತು ಕೂಗಿದ್ದನೋ ಅಲ್ಲೇ. ದನಿಯೂ ಅಷ್ಟೇ ದೊಡ್ಡದು.

"ಎಲ್ಲಾರೂ ಕೇಳ್ರಿ! ಅವತ್ತ ಈ ಮನಷ್ಯಾಗ ಕಳ್ಳ ಅಂದಿದ್ದೆ. ಸುಳ್ಳು! ಇವ್ರ ಕೈಯಾಗ ನನ್ನ ಗಾಡಿ ಉಳದೈತಿ, ಗಾಡಿಯಿಂದ ನನ್ನ ಎದಿ ಉಳದೈತಿ. ನಾ ಉಸರಾಡ್ತಿರೂದು ಇವ್ರ ಪುಣ್ಯಾದಾಗ!"

ಎತ್ತಿದ ಲೋಟಗಳು ಅಲ್ಲಲ್ಲೇ ನಿಂತವು. ಗ್ಯಾರೇಜಿನಿಂದ ನರಸಿಂಹಯ್ಯ ಗಾಬರಿಯಿಂದ ಓಡಿ ಬಂದು, ಗ್ರೀಸು ಮೆತ್ತಿದ ಕೈಯನ್ನು ಅವನ ಬಾಯಿಗೇ ಅಡ್ಡ ಹಿಡಿದ.

"ಸಾಕು ಕಣೋ ಮಾರಾಯ, ಮಾನ ತೆಗೀಬ್ಯಾಡ!"

ಪರಮಾನಂದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಹಣೆ, ಮೂಗು, ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡಿತು. ಮುನಿಯಕ್ಕ ನಕ್ಕು ಒರೆಸಿಕೋ ಎಂದು ಬಟ್ಟೆ ಕೊಟ್ಟಳು. ಅವನು ಒರೆಸಿಕೊಳ್ಳದೆ ಹಾಗೇ ಗಾಡಿ ಹತ್ತಿ, ಅತ್ತಿಬೆಲೆಯವರೆಗೂ ಅದೇ ಮುಖದಲ್ಲಿ ಹೋದ.