ತಿಪ್ಪಕ್ಕನ ಸಂಚಿ

ಹಿಂದೂಪುರದ ಹಾಸ್ಟೆಲಿನಿಂದ ರಜೆಗೆ ಕಲ್ಯಾಣದುರ್ಗದ ಮನೆಗೆ ಬಂದ ಅಕ್ಕ ಮುನೆಮ್ಮನ ಟ್ರಂಕಿಗೆ ಬೀಗವಿತ್ತು. ಅದನ್ನು ಕಂಡಾಗಲೆಲ್ಲ ಎಂಟು ವರ್ಷದ ತಿಪ್ಪಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಮನೆಯ ಬಾಗಿಲಿಗೇ ಇಲ್ಲದ ಬೀಗ ಇವಳ ಟ್ರಂಕಿಗೇಕೆ? ಅಕ್ಕ ನೀರಿಗೆ ಹೋದ ಹೊತ್ತು ನೋಡಿ ಕುಡುಗೋಲಿನ ತುದಿಯಿಂದ ಮೀಟಿಯೇಬಿಟ್ಟಳು. ಒಳಗಿದ್ದದ್ದು ಎರಡು ಲಂಗ, ಒಂದು ಪೌಡರ್ ಡಬ್ಬಿ. ಅಷ್ಟರಲ್ಲಿ ಬಂದ ಅಕ್ಕ ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು.

ಅಜ್ಜಿ ಆದಿಲಕ್ಷ್ಮಮ್ಮನೂ ಹೊಡೆಯಲಿಲ್ಲ. ಅವಳ ಸೊಂಟದ ಎಲೆಯಡಿಕೆ ಸಂಚಿಗೆ ಮನೆಯಲ್ಲಿ ಯಾರೂ, ತಾತ ಕೂಡ, ಕೇಳದೆ ಕೈ ಹಾಕುತ್ತಿರಲಿಲ್ಲ. ಅಂಥದೇ ಒಂದು ಹಳೆಯ ಸಂಚಿಯನ್ನು ತಿಪ್ಪಕ್ಕನ ಕೈಗಿಟ್ಟು, "ಇದು ನಿಂದು ಕಣಮ್ಮ. ನೀನು ಕೊಡ್ದೆ ಯಾರೂ ಮುಟ್ಟಂಗಿಲ್ಲ" ಎಂದಳು.

ತಿಪ್ಪಕ್ಕ ಅದರಲ್ಲಿ ಹುಣಸೆಬೀಜ, ಬಳೆಚೂರು ತುಂಬಿಕೊಂಡು ಮೆರೆದಳು. ಸಂಜೆ ತಮ್ಮ ಅದಕ್ಕೆ ಕೈ ಹಾಕಿದ. ರೋಷದಿಂದ ಅವನ ಕೈ ಕಚ್ಚಿದ ಮೇಲೆ ಅವಳಿಗೆ ಅಕ್ಕನ ಅಳು ನೆನಪಾಯಿತು. ಸಂಚಿಯ ಬಾಯಿ ಬಿಚ್ಚಿ ಅಕ್ಕನ ಮುಂದೆ ಹಿಡಿದಳು.

"ನಿಂದು ನಾನು ನೋಡ್ಬುಟ್ಟೆ. ನಂದು ನೀನೂ ನೋಡ್ಬುಡಕ್ಕ, ಸರಿ ಹೋಯ್ತದೆ."

ಮುನೆಮ್ಮ ನೋಡಲಿಲ್ಲ. ದಾರ ಎಳೆದು ಸಂಚಿಯ ಬಾಯಿ ಕಟ್ಟಿ, ತಂಗಿಯ ಸೊಂಟಕ್ಕೆ ಸಿಕ್ಕಿಸಿದಳು.

ಬೀಗದ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು. ನೋಡದೇ ಇರಬಲ್ಲ ಅಕ್ಕನ ಮೇಲೆ ಹೊಸದಾಗಿ ಹತ್ತಿಕೊಂಡಿತು.