ಬೆಳಗಿನ ಬಸ್ಸು ಮತ್ತು ಪಾಲಾಕ್ಷರು

ಪಾಲಾಕ್ಷರು ನಡೆಯುವಾಗ ಕತ್ತು ದೇಹಕ್ಕಿಂತ ಒಂದು ಗೇಣು ಮುಂದಿರುತ್ತದೆ, ಬೇಲಿಯಾಚೆ ಏನಿದೆಯೆಂದು ಇಣುಕುವವರ ಹಾಗೆ. ಕಡುಬೇಸಿಗೆಯಲ್ಲೂ ಬಿಡದ ಕಂದುಬಣ್ಣದ ತೋಳಿಲ್ಲದ ಸ್ವೆಟರು ತೊಟ್ಟು, ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ಅವರು ಹಾಸನದ ತಮ್ಮ ಕಾರ್ಖಾನೆಯ ಅಂಗಳದಲ್ಲಿ ಸುತ್ತುತ್ತಿದ್ದರೆ, ಈ ಮನುಷ್ಯ ಸಾವಿರಾರು ಕೋಟಿಯ ಒಡೆಯನೆಂದು ನಂಬುವುದು ಹೊಸಬರಿಗೆ ಕಷ್ಟ. ಯಂತ್ರ ಕೆಟ್ಟರೂ, ಕಾಗೆ ಕೂಗಿದರೂ, ಮಂತ್ರಿಗಳು ಹೊಗಳಿದರೂ ಅವರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: "ಅದ್ಯಾಕಂಗೆ?"

ಬಾಗೂರಿನ ಸಮೀಪದ ಬೇಸಾಯದ ಮನೆಯಲ್ಲಿ ಹುಟ್ಟಿದ ಈ ಕುತೂಹಲಿ, ಪಂಪ್‌ಸೆಟ್ಟಿನ ಸ್ಟಾರ್ಟರುಗಳನ್ನು ರಿಪೇರಿ ಮಾಡುತ್ತಲೇ, ಎಲ್ಲಿದ್ದರೂ ಫೋನಿನಿಂದ ಮೋಟಾರು ಹಾಕಿ ಆರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದು ಹಲವು ದೇಶಗಳ ಹೊಲಗಳನ್ನು ಸೇರಿತು. ಐಶ್ವರ್ಯದ ಬೆನ್ನಿಗೇ ಪ್ರಭಾವವೂ ಬಂತು. ಅರಕಲಗೂಡಿನ ಸಭೆಯಲ್ಲಿ ಅವರು ಸಿರಿಧಾನ್ಯವನ್ನು ಹೊಗಳಿದರೆ ಹೊಳೆನರಸೀಪುರದ ಹೋಟೆಲಿನಲ್ಲಿ ನವಣೆ ದೋಸೆ ಶುರುವಾಗುತ್ತಿತ್ತು. ಇಂಥದ್ದನ್ನು ಕೇಳಿದಾಗ ಅವರು ಮಗುವಿನಂತೆ ನಗುತ್ತಿದ್ದರು. ಅದರಲ್ಲಿ ಅಂಜಬೇಕಾದದ್ದೇನೂ ಅವರಿಗೆ ಕಂಡಿರಲಿಲ್ಲ.

ಕಂಡದ್ದು ಬಸ್ಸಿನ ಪ್ರಸಂಗದಲ್ಲಿ. ಚನ್ನರಾಯಪಟ್ಟಣದಲ್ಲಿ ನಡೆದ ಸನ್ಮಾನದಲ್ಲಿ ಹಳೆಯ ನೆನಪು ತೆಗೆದು, "ನಮ್ಮೂರ ಕಡೆ ಬೆಳಗಿನ ಬಸ್ಸು ಈಗ್ಲೂ ಓಡ್ತದಂತೆ! ಮನೆಮನೆಗೂ ಬೈಕ್ ಬಂದಿರೋ ಕಾಲ್ದಲ್ಲಿ ಅದ್ರಲ್ಲಿ ಯಾರು ಕೂತ್ಕೋತಾರೋ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಬಸ್ಸಿನ ಮಾಲೀಕ ರಜನೀಶ್ ಮಾತ್ರ ಅದನ್ನು ದೊಡ್ಡವರ ಇಂಗಿತವೆಂದು ಭಾವಿಸಿ, ಆ ವಾರವೇ ಬಸ್ಸನ್ನು ಆ ದಾರಿಯಿಂದ ತೆಗೆದು ಪಾಲಾಕ್ಷರ ಕಾರ್ಖಾನೆಯ ಕಡೆಗೆ ತಿರುಗಿಸಿಬಿಟ್ಟ.

ಮುಂದೊಮ್ಮೆ ಊರಿಗೆ ಬಂದ ಪಾಲಾಕ್ಷರು ಕಾರ್ಯದರ್ಶಿ ಧನ್ಯಾಳೊಂದಿಗೆ ಬೆಳಗಿನ ಹೊತ್ತು ನಡೆದು ಹೊರಟಿದ್ದಾಗ, ರಸ್ತೆಯಂಚಿನಲ್ಲಿ ಸೊಪ್ಪಿನ ಮಂಕರಿಗಳನ್ನಿಟ್ಟುಕೊಂಡು ಕೂತಿದ್ದ ಹೆಂಗಸರು ಕಂಡರು. ಯಾವುದಕ್ಕೆ ಕಾಯುತ್ತಿದ್ದೀರೆಂದು ಕೇಳಿದರು. ಆ ಹೆಂಗಸರಲ್ಲೊಬ್ಬಳಾದ ಪಕ್ಕದ ಹಳ್ಳಿಯ ಮುದ್ದಮ್ಮನಿಗೆ ಪಾಲಾಕ್ಷರ ಗುರುತಿರಲಿಲ್ಲ.

"ಆಟೋ ಬಂದಾತಾ ಅಂತ ಕುಂತಿವ್ನಿ ಕಣಪ್ಪ. ಬಸ್ಸಿತ್ತು. ಯಾರೋ ದುಡ್ಡಿನ ಕುಳ ಸಭೇಲಿ ಆಡ್ಕಂಡ್ನಂತೆ, ನಿಂತೋಯ್ತು. ಅವ್ನೇನೋ ನಗಾಡ್ಕಂಡೋದ, ಇಲ್ಲಿ ನಮ್ ಸೊಪ್ಪು ಬಾಡ್ತಾ ಅದೆ."

ಪಾಲಾಕ್ಷರ ಮುಖ ಕೆಂಪೇರಿತು. "ಅವನು ನಾನೇ ಕಣಮ್ಮ."

ಆಕೆ ಬೆದರಲಿಲ್ಲ. "ಅಂಗಾರೆ ಒಂದಿನ ಅದ್ರಲ್ಲಿ ಕುಂತ್ ನೋಡಿ ಮಾತಾಡ್ಬೇಕಿತ್ತು" ಎಂದಳು.

"ಸಾರ್, ನಾವೇ ಒಂದು ಬಸ್ ಕೊಡ್ಸೋಣ" ಎಂದಳು ಧನ್ಯಾ ಮೆಲ್ಲಗೆ.

"ಬೇಡಮ್ಮ. ನಾಳೆ ನನಗೆ ಬೇಜಾರಾದ್ರೆ ಅದೂ ನಿಲ್ತದೆ."

ಅಲ್ಲೇ ನಿಂತು ರಜನೀಶನಿಗೆ ಫೋನು ಮಾಡಿದರು. "ತಪ್ಪಾಯ್ತು ಸಾ, ನಾಳೆಯಿಂದ್ಲೇ ಬಿಡುಸ್ತೀನಿ ಸಾ" ಎಂಬ ಉತ್ತರ ತಕ್ಷಣ ಬಂತು.

ಮರುದಿನ ಬಸ್ಸು ಬಂತು. ಪಾಲಾಕ್ಷರೂ ಹತ್ತಿ, ಕೊತ್ತಂಬರಿಯ ಘಮದ ನಡುವೆ ಕೂತರು. ಒಂದು ಒಳ್ಳೆಯ ಮಾತಿನ ನಿರೀಕ್ಷೆ ಅವರಿಗೆ ಇದ್ದೀತು. ಮುದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ರಜನೀಶಪ್ಪನ ಮನೆ ಬಾಕ್ಲಿಗೆ ನಾವೆಲ್ಲ ಸುತ್ತಿ ಸುತ್ತಿ ಸಾಕಾಯ್ತು, ಮಖ ಕೊಟ್ಟು ಮಾತಾಡ್ನಿಲ್ಲ. ನೀನ್ ಯೋಳ್ದೆ, ನಿಂತೋಯ್ತು. ನೀನ್ ಯೋಳ್ದೆ, ಬಂತು. ಒಳ್ಳೇದೇ ಆಯ್ತು, ಇಲ್ಲ ಅನ್ನಕಿಲ್ಲ. ನಾವ್ ಯೋಳಿದ್ದು ಎಲ್ಲಿಗೋಯ್ತು ಕಣಪ್ಪ?"

ಬದುಕಿಡೀ ಪ್ರಶ್ನೆ ಕೇಳಿ ಬೆಳೆದವರಿಗೆ ಇದು ತಾವು ಯಾವತ್ತೂ ಕೇಳಿಕೊಳ್ಳದ ಪ್ರಶ್ನೆ. ಚನ್ನರಾಯಪಟ್ಟಣದಲ್ಲಿ ಇಳಿದವರೇ ರಜನೀಶನನ್ನು ಕರೆಸಿ, ಸ್ಟ್ಯಾಂಡಿನ ಪಕ್ಕದ ಅವನ ಕಚೇರಿಯಲ್ಲಿ ಹೆಂಗಸರನ್ನು ಕೂರಿಸಿ, ಬಸ್ಸಿನ ವೇಳೆಯನ್ನು ಅವರೊಂದಿಗೇ ಗೊತ್ತುಮಾಡುವಂತೆ ಹೇಳಿದರು. ಮುದ್ದಮ್ಮ ಏನು ಕೇಳಿದರೂ ರಜನೀಶ್ ಅಪ್ಪಣೆಗಾಗಿ ಪಾಲಾಕ್ಷರ ಮುಖವನ್ನೇ ನೋಡುತ್ತಿದ್ದ.

"ನನ್ನ ನೋಡ್ಬೇಡ, ಅವ್ರನ್ನ ನೋಡಿ ಮಾತಾಡಪ್ಪ" ಎಂದು ಅವರು ಎದ್ದು ಹೊರನಡೆದು ಬಾಗಿಲೆಳೆದುಕೊಂಡರು. ಒಳಗೆ ರಜನೀಶನ ದನಿ ಮೊದಲು ಗಡಸಾಗಿ, ಬರಬರುತ್ತ ಮೆತ್ತಗೆ ಕೇಳಿಸಿತು. ಆಮೇಲೆ ಮುದ್ದಮ್ಮ ನಕ್ಕದ್ದು ಬೀದಿಗೂ ಕೇಳಿತು.

ಸಿರಿವಂತರಲ್ಲಿ ದಾನಿಗಳಿಗೆ ಬರವಿಲ್ಲ. ಕೊಟ್ಟು ಹೆಸರಾಗುವ ಸುಖವನ್ನು ಅವರು ಬೇಗ ಕಲಿಯುತ್ತಾರೆ. ತಾವು ಕೂತಲ್ಲಿ ಬೇರೆಯವರ ದನಿ ಉಡುಗುತ್ತದೆಂಬ ಸಂಗತಿ ಅವರಲ್ಲಿ ಕೆಲವರಿಗಷ್ಟೇ ಹೊಳೆಯುತ್ತದೆ. ಹಾಗೆ ಹೊಳೆದ ಮೇಲೆ ಕುರ್ಚಿ ಬಿಟ್ಟು ಏಳುವವರು ಮಾತ್ರ ಲಕ್ಷಕ್ಕೊಬ್ಬರು.