ಮಾದರಿ ತೋಟದ ನೀರು

“ಲೇ ಬೋಳಿಮಗ್ನೇ, ನನ್ ತ್ವಾಟದ್ ನೀರ್ನ ಸೀಸೆಗ್ ತುಂಬ್ಕಂಡ್ ಎತ್ಲಾಗ್ಲಾ ಒಂಟೆ?”

ಬದುವಿನ ಮೇಲೆ ನಿಂತು ಕೂಗಿದವರು ದೇವರಾಜ್. ಅರಕಲಗೂಡು ಕಡೆ ಹನ್ನೆರಡು ಎಕರೆ ಶುಂಠಿ ಬೆಳೆಯುವವರು. ಇದು ನಡೆದದ್ದೇ; ನಾನು ಏನನ್ನೂ ಸೇರಿಸಿಲ್ಲ, ಬೈಗುಳ ಒಂದಿಷ್ಟು ಕಡಿಮೆ ಮಾಡಿದ್ದೇನೆ.

ನಾನು ಪೃಥ್ವಿರಾಜ್. ಆಗ ಹಾಸನದಲ್ಲಿ ಪರಿಸರ ಮಾಲಿನ್ಯ ಮತ್ತು ವಿಷಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಆ ತೋಟಕ್ಕೆ ಔಷಧಿ ಹೊಡೆಯುತ್ತಿದ್ದವನು ನನ್ನಪ್ಪ ತಮ್ಮಯ್ಯ. ಕೇರಿಯ ಆಳುಗಳು ಮಾಲೀಕರ ಬಿಂದಿಗೆ ಮುಟ್ಟುವಂತಿರಲಿಲ್ಲ. ಅದಕ್ಕೆ ಕ್ರಿಮಿನಾಶಕ ಬಂದ ನೀಲಿ ಕ್ಯಾನಿಗೇ ನೀರು ತುಂಬಿ ಬೇವಿನ ಮರದಡಿ ಇಡುತ್ತಿದ್ದರು. ಬೂದಿ ಹಾಕಿ ಮೂರು ಸಲ ತೊಳೆದರೆ ವಿಷ ಹೋಯಿತೆಂದು ಅಪ್ಪನೂ ನಂಬಿದ್ದ. ಈಚೆಗೆ ಅವನ ಬೆರಳುಗಳು ನಡುಗುತ್ತಿದ್ದವು, ಮಾತಾಡುವಾಗ ಜೊಲ್ಲು ಸುರಿಯುತ್ತಿತ್ತು.

“ಆಳುಗಳು ಕುಡಿಯೋ ನೀರು ಸಾ. ಪರೀಕ್ಷೆ ಮಾಡಕ್ಕೆ.”

“ಇಪ್ಪತ್ತೊರ್ಸದಿಂದ ಕುಡೀತಾವ್ನೆ ನಿಮ್ಮಪ್ಪ. ಸತ್ನಾ? ಓಗ್ಲಾ!”

ಸೀಸೆ ಕಿತ್ತು ಕಲ್ಲಿಗೆ ಬಡಿದು ಒಡೆದರು. ಇನ್ನೊಂದು ನನ್ನ ಚೀಲದಲ್ಲಿತ್ತು.

ಲ್ಯಾಬಿನಲ್ಲಿ ಆ ನೀರಲ್ಲಿ ವಿಷ ಸಿಕ್ಕಿತು. ನನ್ನ ಗೈಡ್ ಲಕ್ಷ್ಮೀನರಸಿಂಹ ಸರ್ ಹಾಳೆ ತಿರುವಿ ಮೂಗಿನಲ್ಲೇ ಅಂದರು: “ಮಾಲೀಕರ ಒಪ್ಪಿಗೆ ಇಲ್ಲದ ಸ್ಯಾಂಪಲ್ಲು ಕಳ್ಳಮಾಲು ಕಣಪ್ಪಾ. ಕಿತ್ತಾಕು. ನಿಮ್ಮವರಿಗೆ ಸೀಟು ಕೊಟ್ಟಿರೋದು ಓದೋಕೆ, ಜಗಳ ತರೋಕಲ್ಲ.”

ಆ ಮೂಗುದನಿಯನ್ನು ಹಾಸ್ಟೆಲ್ಲಿನಲ್ಲಿ ಗೆಳೆಯರನ್ನು ನಗಿಸಲು ನಾನು ಎಷ್ಟೋ ಸಲ ಎರವಲು ಪಡೆದಿದ್ದೆ. ಸಂಜೆ ಗೆಳೆಯನ ಫೋನಿನಿಂದ ದೇವರಾಜ್‌ಗೆ ಕರೆ ಮಾಡಿದಾಗ ನನ್ನ ಗಂಟಲಲ್ಲಿ ಲಕ್ಷ್ಮೀನರಸಿಂಹರೇ ಕೂತಿದ್ದರು.

“ಹಾಸನದಿಂದ ಪ್ರೊಫೆಸರ್ ಲಕ್ಷ್ಮೀನರಸಿಂಹ ಮಾತಾಡ್ತಿರೋದು. ನಿಮ್ಮದು ಮಾದರಿ ತೋಟ ಅಂತ ಆಯ್ಕೆಯಾಗಿದೆ, ದೇವರಾಜರೇ. ಆಳುಗಳ ಜೊತೆ ಒಂದು ಫೋಟೋ ಬೇಕು. ಸೋಮವಾರ ನಮ್ಮ ಪೃಥ್ವಿರಾಜನನ್ನೇ ಕಳಿಸ್ತೀನಿ.”

ಭಾನುವಾರ ಅಪ್ಪನಿಗೆ ಎಲ್ಲ ಹೇಳಿದೆ. “ನೀರ್ ನಾನೇ ಕೊಡ್ತೀನಿ” ಎಂದ.

ಸೋಮವಾರ ದೇವರಾಜ್ ಇಸ್ತ್ರಿ ಅಂಗಿ ತೊಟ್ಟು, ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದರು. ಆಳುಗಳು ಸಾಲಾಗಿ ನಿಂತರು. ನಾನು ಮೊಬೈಲಿನಲ್ಲಿ ವಿಡಿಯೋ ಒತ್ತಿದೆ. ಅಪ್ಪ ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿ ಚಾಚಿದ.

“ಕುಡೀರಿ ಸಾ. ಎಲ್ಡ್ ಗುಟುಕು.”

ಫೋಟೋದ ಆಸೆಗೆ ಲೋಟ ತುಟಿಯವರೆಗೂ ಹೋಯಿತು. ಕುಡಿದೇಬಿಟ್ಟರೆ ಕಿತ್ತುಕೊಳ್ಳಲು ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ವಾಸನೆ ಬಡಿದಿರಬೇಕು, ಕೈ ನಿಂತಿತು.

“ಯಾಕ್ ಸಾ? ನಿಮ್ ಬಾವಿ ನೀರೇಯ.”

“ನೀರೇನೋ ನಂದೇ ಕಣ್ಲಾ. ಇಸದ್ ಕ್ಯಾನಲ್ವೇನ್ಲಾ ಅದು! ನಾನೇನ್ ಸಾಯ್ಬೇಕಾ?”

ತಾವಾಡಿದ್ದು ಅವರ ಕಿವಿಗೂ ಆಗಲೇ ಬಿದ್ದದ್ದು. ಕಣ್ಣು ನನ್ನ ಮೊಬೈಲಿನತ್ತ ಹೊರಳಿತು.

“ಫೋನ್ ಮಾಡ್ದೋನು ಯಾವ್ ನನ್ಮಗ?”

“ಮಾದರಿ ತೋಟ, ದೇವರಾಜರೇ,” ಎಂದೆ, ಮೂಗಿನಲ್ಲೇ.

ಅಪ್ಪ ಬೆನ್ನಿನ ಸ್ಪ್ರೇ ಟ್ಯಾಂಕಿನ ಪಟ್ಟಿ ಬಿಚ್ಚತೊಡಗಿದ. ನಡುಗುವ ಬೆರಳಿಗೆ ಬಕಲ್ಲು ಸಿಗದೆ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಟ್ಯಾಂಕನ್ನು ಮಾಲೀಕರ ಕಾಲಬುಡಕ್ಕಿಟ್ಟ. ಔಷಧಿ ಬೆರೆಸುತ್ತಿದ್ದ ಚಿಕ್ಕಲಕ್ಷ್ಮಮ್ಮ ಬಕೆಟ್ಟನ್ನು ಕವುಚಿದಳು. ಉಳಿದವರೂ ಕೆಲಸ ಬಿಟ್ಟು ಹೊರಟರು.

“ಲೇ ತಮ್ಮಯ್ಯಾ, ತಮಾಸೆ ಕಣ್ಲಾ! ಇವತ್ ಔಸ್ದಿ ಒಡೀದಿದ್ರೆ ಸುಂಟಿ ಕೊಳ್ತೋಯ್ತದೆ! ಎಂಥಾ ಆಟ ಕಟ್ದ ನೋಡ್ರೋ ನಿನ್ ಮಗ! ನಗ್ರೋ, ಎಲ್ಲಾ ನಗ್ರೋ!”

ದೇವರಾಜ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾವು ಟಾರು ರಸ್ತೆ ಮುಟ್ಟಿದ ಮೇಲೂ ಅದು ಕೇಳುತ್ತಲೇ ಇತ್ತು. ಒಬ್ಬರದೇ ನಗು, ಹತ್ತು ಜನ ನಕ್ಕಷ್ಟು ಜೋರಾಗಿ.